ಕೊಟ್ಟ ಅಂಕಕ್ಕೆ ಲೆಕ್ಕ ಕೇಳಿದಾಗ

"ಉಸ್ತಾದ್, ನನಗೆ ಎಲ್ಲಿ ಕಡಿಮೆಯಾಯಿತು?"

ಕೆಲವು ವರ್ಷಗಳ ಹಿಂದೆ ಮದ್ರಸದ ವಾರ್ಷಿಕೋತ್ಸವ ಮುಗಿದ ಸಂಜೆ ಏಳನೆಯ ತರಗತಿಯ ಹುಡುಗಿಯೊಬ್ಬಳು ನನ್ನಲ್ಲಿ ಕೇಳಿದ ಪ್ರಶ್ನೆಯಿದು. ಭಾಷಣ ಸ್ಪರ್ಧೆಗೆ ನಾನೇ ತೀರ್ಪುಗಾರನಾಗಿದ್ದೆ. "ಒಟ್ಟಾರೆ ನೋಡಿ ಕೊಟ್ಟದ್ದು ಮಗಳೇ" ಎಂದು ಹೇಳಿ ಜಾರಿಕೊಂಡೆ. ಅವಳು ತಲೆಯಾಡಿಸಿ ಹೋದಳು. ನನಗೆ ಮಾತ್ರ ಆ ರಾತ್ರಿ ಸಮಾಧಾನವಾಗಲಿಲ್ಲ. ಅಂಕಪಟ್ಟಿ ತೆರೆದು ಕುಳಿತೆ.

ಅವಳಿಗೆ ವಿಷಯಕ್ಕೆ ಹತ್ತರಲ್ಲಿ 9, ನಿರೂಪಣೆಗೆ 3 ಕೊಟ್ಟಿದ್ದೆ. ಇನ್ನೊಬ್ಬ ಹುಡುಗನಿಗೆ ವಿಷಯಕ್ಕೆ 3, ನಿರೂಪಣೆಗೆ 9. ನಾನು ಮೊದಲ ಬಹುಮಾನ ಕೊಟ್ಟ ಮೂರನೆಯವನಿಗೆ ಎರಡರಲ್ಲೂ 5. ಕೂಡಿಸಿದರೆ 12, 12 ಮತ್ತು 10! ಆದರೂ ಮನಸ್ಸು ಸುಲಭವಾಗಿ ಸೋಲೊಪ್ಪುತ್ತದೆಯೇ? 'ಎರಡಕ್ಕೂ ಸಮಾನ ತೂಕ ಕೊಡಬೇಕೆಂದೇನಿದೆ?' ಎಂದು ವಾದಿಸಿತು. ಸರಿ, ವಿಷಯಕ್ಕೆ ನೂರರಲ್ಲಿ 70ರಷ್ಟು ತೂಕ ಕೊಟ್ಟು ನೋಡಿದೆ. ಹುಡುಗಿಗೆ 7.2, ನನ್ನ ವಿಜೇತನಿಗೆ 5. ನಿರೂಪಣೆಗೆ 70 ಕೊಟ್ಟರೆ ಎರಡನೆಯ ಹುಡುಗನಿಗೆ 7.2. ವಿಜೇತನಿಗೆ ಮತ್ತೆ ಅದೇ 5. ತೂಕವನ್ನು ಹೇಗೆ ಬದಲಿಸಿದರೂ ಮೊದಲಿಬ್ಬರ ಸರಾಸರಿ 6 ಆಗಿಯೇ ಇರುತ್ತದೆ. ಅಂದರೆ ಇಬ್ಬರಲ್ಲಿ ಒಬ್ಬರಿಗಾದರೂ 6 ಅಥವಾ ಅದಕ್ಕಿಂತ ಹೆಚ್ಚು ಬಂದೇ ಬರುತ್ತದೆ. ಐದು ಗೆಲ್ಲುವ ದಾರಿಯೇ ಇಲ್ಲ.

'ಎರಡರಲ್ಲೂ ಹದವಾಗಿರುವವರಿಗೆ ಬಹುಮಾನ' ಎಂಬ ನಿಯಮವಿದ್ದಿದ್ದರೆ ನನ್ನ ತೀರ್ಪು ಸರಿಯಾಗುತ್ತಿತ್ತು. ಆದರೆ ಅಂತಹ ನಿಯಮವನ್ನು ನಾನು ಯಾರಿಗೂ ಹೇಳಿರಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಅದು ಹೊಳೆದದ್ದು ಆ ರಾತ್ರಿಯೇ.

ಮೂವರ ಲೆಕ್ಕವನ್ನು ಕಾಗದದ ಮೇಲೆ ಮಾಡಬಹುದು. ಮೂವತ್ತು ಮಂದಿ ನೌಕರರಿಗೆ ಹತ್ತು ವಿಷಯಗಳಲ್ಲಿ ಅಂಕ ಕೊಟ್ಟು, ಕೊನೆಗೆ 'ಇವರು ಅತ್ಯುತ್ತಮ, ಅವರು ಸಾಧಾರಣ' ಎಂದು ಬರೆಯುವ ಮೇಲಧಿಕಾರಿಯ ತೀರ್ಪನ್ನು ಪರೀಕ್ಷಿಸುವುದು ಹೇಗೆ? ಇಲ್ಲಿ ನೆರವಿಗೆ ಬರುವುದು ಲೀನಿಯರ್ ಪ್ರೋಗ್ರಾಮಿಂಗ್ ಎಂಬ ಗಣಿತ. 1939ರಲ್ಲಿ ಸೋವಿಯತ್ ರಷ್ಯದ ಕಾಂಟೊರೊವಿಚ್ ಪ್ಲೈವುಡ್ ಕಾರ್ಖಾನೆಯ ಸಮಸ್ಯೆಯೊಂದರಿಂದ ಇದರ ದಾರಿ ಕಂಡರು. 1947ರಲ್ಲಿ ಅಮೆರಿಕದ ಡಾಂಟ್ಜಿಗ್ ಅದನ್ನು ಬಿಡಿಸುವ ಸಮರ್ಥ ವಿಧಾನ ಕೊಟ್ಟರು. 1973ರಲ್ಲಿ ವಿ. ಶ್ರೀನಿವಾಸನ್ ಮತ್ತು ಅಲನ್ ಶಾಕರ್ ಇದೇ ಗಣಿತವನ್ನು ಮನುಷ್ಯರ ತೀರ್ಪುಗಳಿಗೆ ಅನ್ವಯಿಸಿದರು.

ಕ್ರಮ ಸರಳ. ತೀರ್ಪುಗಾರ ಒಬ್ಬನನ್ನು ಇನ್ನೊಬ್ಬನಿಗಿಂತ ಮೇಲೆ ಇಟ್ಟಲ್ಲೆಲ್ಲ ಅವನ ಮೊತ್ತ ಹೆಚ್ಚಿರಬೇಕು. ಇಲ್ಲದಿದ್ದರೆ ಎಷ್ಟು ಕಡಿಮೆಯೋ ಅಷ್ಟು ಕೊರತೆ. ಈ ಕೊರತೆಗಳ ಒಟ್ಟು ಮೊತ್ತ ಅತಿ ಕಡಿಮೆಯಾಗುವ ತೂಕಗಳನ್ನು ಕಂಪ್ಯೂಟರ್ ಹುಡುಕುತ್ತದೆ. ಎಕ್ಸೆಲ್‌ನಲ್ಲಿರುವ ಸಾಲ್ವರ್ ಕೂಡ ಈ ಕೆಲಸ ಮಾಡಬಲ್ಲುದು. ಕೊರತೆ ಸೊನ್ನೆಗೆ ಇಳಿದರೆ ತೀರ್ಪಿಗೆ ಯಾವುದೋ ಒಂದು ಅಳತೆಗೋಲು ಇದೆ ಎಂದರ್ಥ. ಇಳಿಯದಿದ್ದರೆ, ಯಾವ ತೂಕದಿಂದಲೂ ಸಮರ್ಥಿಸಲಾಗದ ಏನೋ ಅಲ್ಲಿ ಸೇರಿಕೊಂಡಿದೆ. ನನ್ನ ತೀರ್ಪಿನಲ್ಲಿ ಈ ಕೊರತೆ 2ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ.

ಹಾಗೆಂದು ಯಂತ್ರಕ್ಕೆ ನ್ಯಾಯಾಧೀಶನ ಪೀಠ ಕೊಡುವಂತಿಲ್ಲ. ಕೆಲವೊಮ್ಮೆ ಕೊರತೆಯೇನೋ ಸೊನ್ನೆಯಾಗುತ್ತದೆ, ಆದರೆ ಸಿಕ್ಕಿದ ತೂಕ ನೋಡಿದರೆ ನಗು ಬರುತ್ತದೆ: ಕೆಲಸಕ್ಕೆ ಏನೂ ಇಲ್ಲ, ಎಲ್ಲವೂ 'ವಿನಯ'ಕ್ಕೆ! ಆದ್ದರಿಂದ ಪ್ರತಿ ತೂಕಕ್ಕೂ ಕನಿಷ್ಠ ಮತ್ತು ಗರಿಷ್ಠ ಮಿತಿಯನ್ನು ಮೊದಲೇ ಹಾಕಬೇಕು. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಬಿಡಿ ಅಂಕಗಳನ್ನು ಕೊಡುವಾಗಲೇ ಪಕ್ಷಪಾತ ಮಾಡಿದವನು ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತಾನೆ. ಸುಸಂಗತವಾಗಿ ಅನ್ಯಾಯ ಮಾಡುವವರನ್ನು ಈ ಗಣಿತ ಹಿಡಿಯಲಾರದು.

ಮರುದಿನ ಹುಡುಗಿಯನ್ನು ಕರೆದು ಪಟ್ಟಿ ತೋರಿಸಿದೆ. "ತಪ್ಪು ನನ್ನದು" ಎಂದೆ. ಬಹುಮಾನ ಕೊಟ್ಟಾಗಿತ್ತು, ಆ ಚಿಕ್ಕವನ ಕೈಯಿಂದ ಕಿತ್ತುಕೊಳ್ಳುವುದು ಹೇಗೆ? ಅವಳಿಗೂ ಒಂದು ಪುಸ್ತಕ ತಂದುಕೊಟ್ಟೆ. ಮುಂದಿನ ವರ್ಷ ಸ್ಪರ್ಧೆಗೆ ಮೊದಲೇ ಕರಿಹಲಗೆಯ ಮೇಲೆ ಬರೆದೆ: ವಿಷಯ 60, ನಿರೂಪಣೆ 40. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಉಸ್ತಾದ್, ವಿಷಯಕ್ಕೆ 60 ಯಾಕೆ?"

ಅದಕ್ಕೆ ಯಾವ ಸಾಲ್ವರೂ ಉತ್ತರ ಕೊಡುವುದಿಲ್ಲ. ಅರ್ಧ ಗಂಟೆ ನಾನೇ ವಿವರಿಸಬೇಕಾಯಿತು.