ಜಠರದಲ್ಲಿ ಕರುಳನ್ನು ಕಂಡ ಪೆಥಾಲಜಿಸ್ಟ್

ಆಮ್ಲ ಸುರಿಸುವ, ಪೆಪ್ಸಿನ್ ತಯಾರಿಸುವ, ಲೋಳೆ ಹೊದಿಸುವ ಕೋಶಗಳು ಜಠರದ ಒಳಪದರದಲ್ಲಿ ಇರುತ್ತವೆ. ಕರುಳಿನ ಕೋಶಗಳಿಗೆ ಅಲ್ಲಿ ಜಾಗವಿಲ್ಲ. ಆದರೆ ಕೊಲಂಬಿಯಾ ದೇಶದ ಕಾಲಿ ನಗರದಲ್ಲಿ ಪೆಲಾಯೊ ಕೊರೆಯಾ ಎಂಬ ಪೆಥಾಲಜಿಸ್ಟ್ ಶವಪರೀಕ್ಷೆಯಲ್ಲಿ ಸಿಕ್ಕ ಜಠರಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ಕರುಳಿನ ಕೋಶಗಳೇ ಮತ್ತೆ ಮತ್ತೆ ಕಣ್ಣಿಗೆ ಬಿದ್ದವು. ಜಠರದ ಕ್ಯಾನ್ಸರಿನಿಂದ ಸತ್ತವರಲ್ಲಿ ಮಾತ್ರವಲ್ಲ, ಬೇರೆ ಕಾರಣಕ್ಕೆ ಸತ್ತವರಲ್ಲೂ ಅವು ಇದ್ದವು.

ಈ ಬದಲಾವಣೆಗೆ ‘ಇಂಟೆಸ್ಟೈನಲ್ ಮೆಟಾಪ್ಲೇಸಿಯಾ’ ಎಂಬ ಹೆಸರು ಆಗಲೇ ಇತ್ತು. ಅದನ್ನು ಮೊದಲು ಕಂಡವರು ಕೊರೆಯಾ ಅಲ್ಲ. ಅವರು ಮಾಡಿದ್ದು ಇನ್ನೊಂದು ಕೆಲಸ: ಸತ್ತವರು ಹುಟ್ಟಿದ್ದು ಎಲ್ಲಿ ಎಂದು ಕೇಳಿದರು. ಪೆಥಾಲಜಿಸ್ಟ್ ಎಂದರೆ ರೋಗಿಯ ಮುಖ ನೋಡದೆ ಗಾಜಿನ ಸ್ಲೈಡ್ ನೋಡಿ ವರದಿ ಬರೆಯುವವರು ಎಂದೇ ನಮ್ಮಲ್ಲಿ ಹಲವರ ತಿಳಿವಳಿಕೆ. ಕೊರೆಯಾ ಅವರ ವೃತ್ತಿಜೀವನ ಸ್ಲೈಡಿನಿಂದ ಹೊರಟು ಊರು, ಬೆಟ್ಟ, ಬಾವಿ, ಅಡುಗೆಮನೆಗಳ ತನಕ ಹೋಯಿತು. ಇಪ್ಪತ್ತನೇ ಶತಮಾನದ ಕ್ಯಾನ್ಸರ್ ವಿಜ್ಞಾನಕ್ಕೆ ಪೆಥಾಲಜಿಸ್ಟ್‌ಗಳು ಕೊಟ್ಟ ದೊಡ್ಡ ಕಾಣಿಕೆಗಳಲ್ಲಿ ಇದೂ ಒಂದು ಎಂದು ನಾನು ನಂಬಿದ್ದೇನೆ.

ಕೊರೆಯಾ ಹುಟ್ಟಿದ್ದು 1927ರಲ್ಲಿ, ಕೊಲಂಬಿಯಾದ ಸೊನ್ಸೋನ್ ಎಂಬ ಊರಿನಲ್ಲಿ. ಪೆಥಾಲಜಿ ಕಲಿತ ಮೇಲೆ ಕಾಲಿಯ ವಿಶ್ವವಿದ್ಯಾಲಯ ಸೇರಿದರು. 1962ರಲ್ಲಿ ಆ ನಗರದಲ್ಲಿ ಕ್ಯಾನ್ಸರ್ ನೋಂದಣಿ ಶುರುವಾಯಿತು. ಊರಲ್ಲಿ ಯಾರಿಗೆ, ಯಾವ ವಯಸ್ಸಿಗೆ, ಯಾವ ಅಂಗದ ಕ್ಯಾನ್ಸರ್ ಬಂತು ಎಂದು ಒಬ್ಬರನ್ನೂ ಬಿಡದೆ ಬರೆದಿಡುವ ಕೆಲಸ ಅದು. ಹೊಗಳಿಕೆ ತರುವ ಕೆಲಸವಲ್ಲ, ಆದರೆ ಅದಿಲ್ಲದೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಜಠರದ ಕ್ಯಾನ್ಸರ್ ಕಾಲಿಯಲ್ಲಿ ಹೆಚ್ಚಿತ್ತು. ದಕ್ಷಿಣದ ನಾರಿನ್ಯೊ ಪ್ರಾಂತ್ಯದ ಬೆಟ್ಟದೂರುಗಳಿಂದ ವಲಸೆ ಬಂದವರಲ್ಲಂತೂ ಅದರ ಹಾವಳಿ ಎದ್ದು ಕಾಣುತ್ತಿತ್ತು. 1970ರಲ್ಲಿ ಕೊರೆಯಾ ಮತ್ತು ಸಂಗಡಿಗರು ಈ ವಲಸಿಗರ ಜಠರಗಳ ಅಧ್ಯಯನ ಪ್ರಕಟಿಸಿದರು. ನಗರಕ್ಕೆ ಬಂದು ನೆಲೆಸಿದರೂ ಅವರ ಜಠರದಲ್ಲಿ ಹುಟ್ಟೂರಿನ ಗುರುತು ಉಳಿದೇ ಇತ್ತು. ಕ್ಯಾನ್ಸರಿನ ಬೀಜ ಬಿದ್ದದ್ದು ಬಹಳ ಹಿಂದೆ, ಬಹುಶಃ ಎಳವೆಯಲ್ಲೇ ಎಂಬ ಸುಳಿವು ಅದು.

ಆ ಗುರುತು ಕಾಣುವುದು ಹೇಗೆ? ಎಂಡೋಸ್ಕೋಪಿ ಮಾಡುವಾಗ ವೈದ್ಯರು ಪುಟ್ಟ ಚಿಮುಟದಿಂದ ಜಠರದ ಒಳಪದರದ ಚೂರು ಕೀಳುತ್ತಾರೆ. ಅಕ್ಕಿ ಕಾಳಿಗಿಂತಲೂ ಸಣ್ಣದು. ಅದನ್ನು ಫಾರ್ಮಲಿನ್‌ನಲ್ಲಿ ಕೆಡದಂತೆ ಇಟ್ಟು, ಮೇಣದಲ್ಲಿ ಹುದುಗಿಸಿ, ಒಂದು ಮಿಲಿಮೀಟರಿನ ಇನ್ನೂರರಲ್ಲಿ ಒಂದು ಭಾಗದಷ್ಟು ತೆಳ್ಳಗೆ ಸೀಳಿ ಬಣ್ಣ ಹಾಕುತ್ತಾರೆ. ಕೋಶಕೇಂದ್ರ ನೀಲಿಯಾಗಿ, ಉಳಿದ ಭಾಗ ಗುಲಾಬಿಯಾಗಿ ತೋರುತ್ತದೆ. ಆರೋಗ್ಯವಂತ ಜಠರದಲ್ಲಿ ಮೇಲ್ಪದರದ ಕೋಶಗಳು ಒಂದೇ ಎತ್ತರಕ್ಕೆ ಸಾಲಾಗಿ ನಿಂತಿರುತ್ತವೆ. ಮೆಟಾಪ್ಲೇಸಿಯಾ ಇದ್ದಲ್ಲಿ ಆ ಸಾಲಿನ ನಡುನಡುವೆ ಹೊಟ್ಟೆ ಉಬ್ಬಿದ, ಒಳಗೆ ಖಾಲಿ ಎನಿಸುವ ಗಾಬ್ಲೆಟ್ ಕೋಶಗಳು ಸಿಗುತ್ತವೆ. ಖಾಲಿ ಎನಿಸಿದರೂ ಅವುಗಳಲ್ಲಿ ತುಂಬಿರುವುದು ಕರುಳಿನ ಲೋಳೆ. ಆಲ್ಸಿಯನ್ ಬ್ಲೂ ಎಂಬ ಬಣ್ಣ ಹಾಕಿದರೆ ಒಂದೊಂದೂ ಗಾಢ ನೀಲಿಗೆ ತಿರುಗಿ, ಹೊಸಬರಿಗೂ ತಪ್ಪದೆ ಗೊತ್ತಾಗುತ್ತದೆ.

ಇಂಥ ಅಸಂಖ್ಯ ಸ್ಲೈಡುಗಳನ್ನು ನೋಡಿದ ಕೊರೆಯಾ, 1975ರಲ್ಲಿ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಹೆನ್ಸೆಲ್ ಮತ್ತಿತರರೊಡನೆ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ವಾದ ಮಂಡಿಸಿದರು. ಜಠರದ ಕ್ಯಾನ್ಸರ್ ರಾತ್ರೋರಾತ್ರಿ ಹುಟ್ಟುವುದಿಲ್ಲ. ಮೊದಲು ಉರಿಯೂತ ಬಂದು ವರ್ಷಗಟ್ಟಲೆ ಉಳಿಯುತ್ತದೆ. ಅದರಿಂದ ಜಠರದ ಗ್ರಂಥಿಗಳು ನಶಿಸುತ್ತವೆ. ನಶಿಸಿದ ಜಾಗದಲ್ಲಿ ಕರುಳಿನ ಕೋಶಗಳು ತಲೆಯೆತ್ತುತ್ತವೆ. ಆ ಕೋಶಗಳು ಕ್ರಮೇಣ ಅಂಕೆ ತಪ್ಪಿ, ಡಿಸ್‌ಪ್ಲೇಸಿಯಾ ಎಂಬ ಘಟ್ಟ ದಾಟಿ, ಕೊನೆಗೆ ಕ್ಯಾನ್ಸರ್ ಆಗುತ್ತವೆ. ಇದಕ್ಕೆಲ್ಲ ದಶಕಗಳೇ ಹಿಡಿಯುತ್ತವೆ. ಬಹುಪಾಲು ಜನ ನಡುದಾರಿಯಲ್ಲೇ ನಿಲ್ಲುತ್ತಾರೆ, ಕೊನೆಯ ಘಟ್ಟಕ್ಕೆ ಹೋಗುವವರು ಕೆಲವರೇ. ವೈದ್ಯಲೋಕ ಇಂದು ಇದನ್ನು ‘ಕೊರೆಯಾ ಕ್ಯಾಸ್ಕೇಡ್’ ಎನ್ನುತ್ತದೆ. ಜಠರದ ಎಲ್ಲ ಕ್ಯಾನ್ಸರ್‌ಗಳೂ ಈ ದಾರಿಯಲ್ಲಿ ಬರುವುದಿಲ್ಲ. ಗಡ್ಡೆ ಕಟ್ಟದೆ ಗೋಡೆಯುದ್ದಕ್ಕೂ ಹರಡಿಕೊಳ್ಳುವ ಬಗೆಯ ಕಥೆ ಬೇರೆ.

ಆದರೆ ಮೊದಲ ಉರಿಯೂತಕ್ಕೆ ಕಾರಣವೇನು? 1975ರ ಲೇಖನ ಬೆಟ್ಟು ಮಾಡಿದ್ದು ಅತಿಯಾದ ಉಪ್ಪು, ಹಣ್ಣು ತರಕಾರಿಯ ಕೊರತೆ, ಬಾವಿ ನೀರಿನ ನೈಟ್ರೇಟ್ ಇವುಗಳತ್ತ. 1979ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಇನ್ನೊಬ್ಬ ಪೆಥಾಲಜಿಸ್ಟ್, ರಾಬಿನ್ ವಾರೆನ್, ಜಠರದ ಬಯಾಪ್ಸಿಯಲ್ಲಿ ಬಾಗಿದ ಬ್ಯಾಕ್ಟೀರಿಯಾಗಳನ್ನು ಕಂಡರು. ಮುಂದೆ ಅದೇ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂದಾಯಿತು. ಈ ಶೋಧ ವಾರೆನ್ ಮತ್ತು ಅವರ ಸಹೋದ್ಯೋಗಿ ಬ್ಯಾರಿ ಮಾರ್ಷಲ್ ಅವರಿಗೆ 2005ರ ನೊಬೆಲ್ ತಂದಿತು. ತಮ್ಮ ಹಳೆಯ ವಾದಕ್ಕೆ ಜೋತುಬೀಳದ ಕೊರೆಯಾ ಈ ಬ್ಯಾಕ್ಟೀರಿಯಾವನ್ನು ಕ್ಯಾಸ್ಕೇಡಿನ ಮೊದಲ ಮೆಟ್ಟಿಲಿನಲ್ಲಿ ಕೂರಿಸಿ, 1992ರಲ್ಲಿ ಮಾದರಿಯನ್ನು ಹೊಸದಾಗಿ ಬರೆದರು. ಕಾರಣಗಳ ಪಟ್ಟಿ ಬದಲಾಯಿತು, ಸ್ಲೈಡಿನಲ್ಲಿ ಕಂಡ ಅನುಕ್ರಮ ಹಾಗೇ ನಿಂತಿತು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಪೈಲೋರಿಯನ್ನು ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು.

ಕ್ಯಾನ್ಸರಿಗೆ ಮುಂಚಿನ ಘಟ್ಟಗಳಿವೆ ಎಂದಮೇಲೆ ಅಲ್ಲೇ ತಡೆಯಬಹುದಲ್ಲವೇ? ಅಷ್ಟರಲ್ಲಿ ಅಮೆರಿಕದ ನ್ಯೂ ಓರ್ಲಿಯನ್ಸ್‌ನಲ್ಲಿ ನೆಲೆಸಿದ್ದ ಕೊರೆಯಾ, ಈ ಪ್ರಶ್ನೆ ಹೊತ್ತು ಮತ್ತೆ ನಾರಿನ್ಯೊ ಬೆಟ್ಟಗಳಿಗೇ ಹೋದರು. ಜಠರದಲ್ಲಿ ಈ ಬದಲಾವಣೆಗಳಿದ್ದ ಎಂಟುನೂರಕ್ಕೂ ಹೆಚ್ಚು ಜನರಲ್ಲಿ ಕೆಲವರಿಗೆ ಪೈಲೋರಿ ನಾಶದ ಔಷಧ, ಕೆಲವರಿಗೆ ಸಿ ವಿಟಮಿನ್, ಕೆಲವರಿಗೆ ಬೀಟಾ ಕೆರೊಟಿನ್, ಇನ್ನು ಕೆಲವರಿಗೆ ಇವುಗಳ ಜೋಡಿ ಕೊಟ್ಟು ಆರು ವರ್ಷ ಗಮನಿಸಿದರು. 2000ದಲ್ಲಿ ಫಲಿತಾಂಶ ಬಂತು: ಔಷಧ ಪಡೆದವರಲ್ಲಿ ಬದಲಾವಣೆ ಹಿಂದೆ ಸರಿಯುವ ಸಂಭವ, ಪಡೆಯದವರಿಗಿಂತ ಹೆಚ್ಚಿತ್ತು. ಅದೇ ಜನರನ್ನು ಮತ್ತೂ ವರ್ಷಗಳ ಕಾಲ ಗಮನಿಸಿದಾಗ, ಬ್ಯಾಕ್ಟೀರಿಯಾ ಇಲ್ಲದೆ ಕಳೆದ ಕಾಲ ಹೆಚ್ಚಿದಷ್ಟೂ ಗುಣವೂ ಹೆಚ್ಚಿತು.

ಒಂದು ಗಂಟು ಮಾತ್ರ ಉಳಿದಿತ್ತು. ನಾರಿನ್ಯೊ ಪ್ರಾಂತ್ಯದಲ್ಲೇ, ಮೂರು ಸಾವಿರ ಮೀಟರ್ ಎತ್ತರದ ಟೂಕೆರೆಸ್‌ಗೂ ಪೆಸಿಫಿಕ್ ಕಡಲಂಚಿನ ಟುಮಾಕೊಗೂ ಸುಮಾರು ಇನ್ನೂರು ಕಿಲೋಮೀಟರ್ ದೂರ. ಎರಡೂ ಕಡೆ ಹತ್ತರಲ್ಲಿ ಒಂಬತ್ತು ಮಂದಿಯ ಹೊಟ್ಟೆಯಲ್ಲಿ ಪೈಲೋರಿ ಇದೆ. ಜಠರದ ಕ್ಯಾನ್ಸರ್ ಮಾತ್ರ ಬೆಟ್ಟದಲ್ಲಿ ಕರಾವಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ಹೆಚ್ಚು. 2014ರಲ್ಲಿ ಕೊರೆಯಾ ಸಹ ಇದ್ದ ತಂಡ ಒಂದು ಉತ್ತರ ಮುಂದಿಟ್ಟಿತು. ಕರಾವಳಿಯವರು ಬಹುತೇಕ ಆಫ್ರಿಕಾ ಮೂಲದವರು, ಬೆಟ್ಟದವರು ಹೆಚ್ಚಾಗಿ ಅಮೆರಿಕದ ಆದಿವಾಸಿ ಮೂಲದವರು. ಆದಿವಾಸಿ ಮೂಲದ ದೇಹದಲ್ಲಿ ಆಫ್ರಿಕಾ ಮೂಲದ ಬ್ಯಾಕ್ಟೀರಿಯಾ ನೆಲೆಸಿದಾಗ ಹಾನಿ ಹೆಚ್ಚು ತೀವ್ರವಾಗಿತ್ತು. ಸಾವಿರಾರು ವರ್ಷ ಜೊತೆಗೆ ಬಾಳಿದ ಮನುಷ್ಯ ಮತ್ತು ಬ್ಯಾಕ್ಟೀರಿಯಾ ಒಬ್ಬರಿಗೊಬ್ಬರು ಒಗ್ಗಿರುತ್ತಾರೆ, ಜೋಡಿ ತಪ್ಪಿದಾಗ ಕೆಡುಕು ಎಂಬುದು ಅವರ ವಿವರಣೆ.

ನಮ್ಮ ದೇಶಕ್ಕೂ ಈ ಒಗಟು ಸೇರಿದ್ದೇ. ಭಾರತದಲ್ಲಿ ಪೈಲೋರಿ ತೀರಾ ಸಾಮಾನ್ಯವಾದರೂ ಒಟ್ಟಾರೆ ನೋಡಿದರೆ ಜಠರದ ಕ್ಯಾನ್ಸರ್ ಅಷ್ಟಿಲ್ಲ. ಮಿಜೋರಾಂನಲ್ಲಿ ಮಾತ್ರ ಬಹಳ ಹೆಚ್ಚು. ಇದು ಗೊತ್ತಾದದ್ದೂ ನೋಂದಣಿಗಳಿಂದಲೇ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1980ರ ದಶಕದಿಂದ ಇಂಥ ನೋಂದಣಿ ನಡೆಸುತ್ತಿದೆ.

ಓದುಗರಲ್ಲಿ ಒಂದು ವಿನಂತಿ. ಹೊಟ್ಟೆಯಲ್ಲಿ ಏನೇ ಆದರೂ ‘ಗ್ಯಾಸ್ಟ್ರಿಕ್’ ಎಂದು ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ನುಂಗುತ್ತಾ ವರ್ಷ ತಳ್ಳಬೇಡಿ. ನಡುವಯಸ್ಸು ದಾಟಿದ ಮೇಲೆ ಹೊಸದಾಗಿ ಶುರುವಾಗಿ ಬಿಡದೆ ಕಾಡುವ ಹೊಟ್ಟೆನೋವು, ಕಾರಣವಿಲ್ಲದೆ ಇಳಿಯುವ ತೂಕ, ನುಂಗಲು ಕಷ್ಟ, ಡಾಂಬರಿನ ಬಣ್ಣದ ಮಲ ಇದ್ದರೆ ವೈದ್ಯರ ಬಳಿ ಹೋಗಿ, ಎಂಡೋಸ್ಕೋಪಿ ಬೇಕೇ ಎಂದು ಕೇಳಿ. ಬಯಾಪ್ಸಿ ವರದಿಯಲ್ಲಿ ‘ಇಂಟೆಸ್ಟೈನಲ್ ಮೆಟಾಪ್ಲೇಸಿಯಾ’ ಎಂದಿದ್ದರೆ ಎದೆಗುಂದಬೇಡಿ, ಅದು ಕ್ಯಾನ್ಸರ್ ಅಲ್ಲ. ಹಾಗೆಂದು ವರದಿಯನ್ನು ಕಪಾಟಿಗೂ ಸೇರಿಸಬೇಡಿ. ಪೈಲೋರಿ ಪರೀಕ್ಷೆ ಮಾಡಿಸಿ, ಇದ್ದರೆ ವೈದ್ಯರು ಹೇಳಿದಷ್ಟು ದಿನವೂ ಔಷಧ ತೆಗೆದುಕೊಂಡು, ಅದು ಹೋಗಿದೆಯೇ ಎಂದು ಮತ್ತೊಮ್ಮೆ ಪರೀಕ್ಷಿಸಿಕೊಳ್ಳಿ.