ಗೊರಸು ನೆಲವನ್ನು ಅರಿಯುವ ಬಗೆ

ಎರಡು ಕಾಲಿನ ಮೇಲೆ ನಡೆಯುವ ನಮಗೆ ನಡಿಗೆಯೆಂಬುದು ಯೋಚಿಸಬೇಕಾದ ವಿಷಯವೆಂದು ತೋರುವುದಿಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಬಾವಿಯ ಮೆಟ್ಟಿಲಿಳಿಯುವಾಗ ಮಾತ್ರ ಹೆಜ್ಜೆಯನ್ನು ಕಿರಿದು ಮಾಡಿ, ಮೈಯನ್ನು ಬಿಗಿಹಿಡಿದು, ಪಾದವನ್ನು ನೇರವಾಗಿ ಊರುತ್ತೇವೆ. ನಮ್ಮ ಕೊಟ್ಟಿಗೆಯ ಆಕಳು, ಎತ್ತು, ಎಮ್ಮೆಗಳೂ ಇದನ್ನೇ ಮಾಡುತ್ತವೆ. ಆದರೆ ಅವು ಹೆಜ್ಜೆ ಕಿರಿದು ಮಾಡಿದಾಗ, ಬಾಗಿಲಲ್ಲಿ ತಡೆದು ನಿಂತಾಗ, ನಾವು ಅದನ್ನು ಹಟವೆಂದು ತಿಳಿದು ಬಾರುಕೋಲು ಎತ್ತುವುದುಂಟು. ಹಳ್ಳಿಗಳಲ್ಲಿ ಮಣ್ಣಿನ ನೆಲದ ಕೊಟ್ಟಿಗೆಗಳು ಕಡಿಮೆಯಾಗಿ ಸಿಮೆಂಟಿನ ನೆಲ, ನುಣುಪಾದ ಫರ್ಸಿಕಲ್ಲಿನ ನೆಲಗಳು ಹೆಚ್ಚಿರುವ ಈ ಕಾಲದಲ್ಲಿ, ನಾಲ್ಕು ಕಾಲಿನ ಪ್ರಾಣಿಯು ನೆಲಕ್ಕೆ ತಕ್ಕಂತೆ ನಡಿಗೆಯನ್ನು ಹೇಗೆ ಬದಲಿಸಿಕೊಳ್ಳುತ್ತದೆಂಬುದನ್ನು ದನ ಕಟ್ಟಿದ ಪ್ರತಿಯೊಂದು ಮನೆಯವರೂ ತಿಳಿಯುವುದು ಅವಶ್ಯ.

ನಾಲ್ಕು ಕಾಲಿನ ಕ್ರಮ

ಆಕಳು ನಿಧಾನವಾಗಿ ನಡೆಯುವಾಗ ಅದರ ಕಾಲುಗಳು ಒಂದು ನಿಶ್ಚಿತ ಕ್ರಮದಲ್ಲಿ ನೆಲಕ್ಕೆ ಬೀಳುತ್ತವೆ. ಮೊದಲು ಎಡ ಹಿಂಗಾಲು, ಅನಂತರ ಎಡ ಮುಂಗಾಲು. ಆಮೇಲೆ ಬಲ ಹಿಂಗಾಲು, ಕೊನೆಗೆ ಬಲ ಮುಂಗಾಲು. ಈ ಕ್ರಮದಿಂದಾಗಿ ಯಾವ ಕ್ಷಣದಲ್ಲಿಯೂ ಕನಿಷ್ಠ ಎರಡು ಕಾಲುಗಳು, ಹಲವು ವೇಳೆ ಮೂರು ಕಾಲುಗಳು ದೇಹದ ಭಾರವನ್ನು ಹೊತ್ತಿರುತ್ತವೆ. ಒಳ್ಳೆಯ ನೆಲದಲ್ಲಿ ಸರಾಗವಾಗಿ ನಡೆಯುವ ಆಕಳಿನ ಹಿಂಗಾಲು, ಅದೇ ಪಕ್ಕದ ಮುಂಗಾಲು ಬಿಟ್ಟುಹೋದ ಗುರುತಿನಲ್ಲಿಯೇ ಹೆಚ್ಚು ಕಡಿಮೆ ಊರುತ್ತದೆ. ಮುಂಗಾಲು ಪರೀಕ್ಷಿಸಿದ ಸ್ಥಳವನ್ನು ಹಿಂಗಾಲು ನಂಬುತ್ತದೆ.

ವೇಗದ ಓಟದಲ್ಲಿ ಕಾಲುಗಳ ಕ್ರಮವನ್ನು ಬರಿಗಣ್ಣಿನಿಂದ ಹಿಡಿಯುವುದು ಅಸಾಧ್ಯ. ಓಡುವ ಕುದುರೆಯ ನಾಲ್ಕೂ ಕಾಲುಗಳು ಒಮ್ಮೆಲೇ ನೆಲವನ್ನು ಬಿಡುತ್ತವೆಯೇ ಎಂಬ ವಾದವು ಬಹುಕಾಲ ನಡೆದಿತ್ತು. ೧೮೭೮ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕನು ಸಾಲಾಗಿ ಇರಿಸಿದ ಕ್ಯಾಮೆರಾಗಳಿಂದ ಚಿತ್ರ ತೆಗೆದು, ಬಿಡುತ್ತವೆಂಬುದನ್ನು ತೋರಿಸಿಕೊಟ್ಟನು. ಆನೆಯದು ಬೇರೆಯೇ ರೀತಿ. ಗಂಟೆಗೆ ಸುಮಾರು ೨೫ ಕಿಲೋಮೀಟರ್ ವೇಗದಲ್ಲಿ ಸಾಗುವಾಗಲೂ ಅದು ನಡಿಗೆಯ ಕಾಲ್ಕ್ರಮವನ್ನೇ ಪಾಲಿಸುತ್ತದೆ, ನಾಲ್ಕು ಕಾಲುಗಳನ್ನೂ ಒಮ್ಮೆಗೆ ನೆಲದಿಂದ ಎತ್ತುವುದಿಲ್ಲವೆಂದು ೨೦೦೩ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ದೇಹದ ಭಾರ ಹೆಚ್ಚಿದಷ್ಟೂ ಬೀಳುವುದರ ಅಪಾಯವೂ ಹೆಚ್ಚು ಎಂಬುದನ್ನು ನಾವು ಇಲ್ಲಿ ನೆನೆಯಬೇಕು.

ಪಾದಕ್ಕೊಂದು ನೆಲ

ನೆಲಕ್ಕೆ ಹೊಂದಿಕೊಳ್ಳುವ ಕೆಲಸದಲ್ಲಿ ಮೊದಲ ಪಾಲು ಪಾದದ ರಚನೆಯದು. ಒಂಟೆಯ ಎರಡು ಬೆರಳುಗಳ ಕೆಳಗೆ ಮೆತ್ತನೆಯ ಅಗಲವಾದ ಅಂಗಾಲಿದೆ. ಭಾರ ಬಿದ್ದೊಡನೆ ಅದು ಹರಡಿಕೊಳ್ಳುವುದರಿಂದ ಮರಳಿನಲ್ಲಿ ಹೂತುಹೋಗುವುದಿಲ್ಲ. ಅದೇ ಪಾದವು ಒದ್ದೆಯಾದ ಜೇಡಿಮಣ್ಣಿನಲ್ಲಿ ಹಿಡಿತ ಸಿಗದೆ ಜಾರುತ್ತದೆ. ಬೆಟ್ಟದ ಮೇಕೆಗಳ ಗೊರಸಿನ ಅಂಚು ಗಟ್ಟಿ, ಒಳಭಾಗ ಮೆದು. ಅಂಚು ಬಂಡೆಯ ಸಂದನ್ನು ಹಿಡಿದರೆ ಒಳಭಾಗವು ಕಲ್ಲಿಗೆ ಅಂಟಿ ನಿಲ್ಲುತ್ತದೆ. ಎಮ್ಮೆಯ ಗೊರಸು ಅಗಲ. ಕೆಸರುಗದ್ದೆಯಲ್ಲಿ ಅದು ಎತ್ತಿಗಿಂತ ನಿರಾಯಾಸವಾಗಿ ನಡೆಯುವುದಕ್ಕೆ ಇದೂ ಒಂದು ಕಾರಣ.

ದನದ ಗೊರಸು ಎರಡು ಹೋಳಾಗಿರುವುದು ನಿರರ್ಥಕವಲ್ಲ. ಮೆದು ಮಣ್ಣಿನಲ್ಲಿ ಆ ಹೋಳುಗಳು ಸ್ವಲ್ಪ ಅಗಲುತ್ತವೆ, ಭಾರವು ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ. ಗೊರಸಿನ ಅಂಚು ಮಣ್ಣಿನೊಳಗೆ ತುಸು ಇಳಿದು ಗೂಟದಂತೆ ಹಿಡಿದುಕೊಳ್ಳುತ್ತದೆ. ಹಸಿ ಎರೆಭೂಮಿಯಲ್ಲಿಯಾದರೋ ಕಾಲನ್ನು ಮೇಲಕ್ಕೆ ಕಿತ್ತು ತೆಗೆಯಬೇಕಾಗುತ್ತದೆ. ಆಗ ಹೆಜ್ಜೆ ನಿಧಾನವಾಗುತ್ತದೆ, ಮೊಣಕಾಲು ಹೆಚ್ಚು ಮಡಿಯುತ್ತದೆ, ಶ್ರಮವೂ ಅಷ್ಟೇ ಹೆಚ್ಚುತ್ತದೆ. ಒಂದೇ ದೂರದ ದಾರಿ ಬೇಸಿಗೆಯಲ್ಲಿ ಎತ್ತಿಗೆ ಹಗುರಾಗಿ, ಮಳೆಗಾಲದಲ್ಲಿ ಭಾರವಾಗುವುದರ ಗುಟ್ಟು ಇದು.

ಇನ್ನು ಗಟ್ಟಿ ರಸ್ತೆಯ ಮಾತು. ಅಲ್ಲಿ ಗೊರಸು ಬೇಗ ಸವೆಯುವುದರಿಂದ ಗಾಡಿಯ ಎತ್ತುಗಳಿಗೆ ಲಾಳ ಹೊಡೆಯಿಸುತ್ತಾರೆ. ಕುದುರೆಗೆ ಒಂದು ಪಾದಕ್ಕೆ ಒಂದೇ ಲಾಳವಾದರೆ, ಎತ್ತಿನ ಗೊರಸಿನ ಹೋಳಿಗೆ ಪ್ರತ್ಯೇಕ ಲಾಳ ಬೇಕು. ನಡೆಯುವಾಗ ಆ ಹೋಳುಗಳು ಬೇರೆ ಬೇರೆಯಾಗಿ ಅಲುಗುತ್ತವೆ. ಲಾಳವು ಗೊರಸನ್ನು ಕಾಯುತ್ತದೆ ನಿಜ, ಆದರೆ ನುಣುಪಾದ ಒದ್ದೆ ರಸ್ತೆಯಲ್ಲಿ ಕಬ್ಬಿಣವೇ ಜಾರುತ್ತದೆ. ಅಂಥಲ್ಲಿ ಎತ್ತನ್ನು ಓಡಿಸಬಾರದು.

ಜಾರುವ ನೆಲದಲ್ಲಿ ಜಾಣತನ

ಕಾಲನ್ನು ದೂರಕ್ಕೆ ಚಾಚಿ ಊರಿದಾಗ ಅದು ನೆಲವನ್ನು ಓರೆಯಾಗಿ ತಳ್ಳುತ್ತದೆ. ನೆಲದಲ್ಲಿ ಸಾಕಷ್ಟು ಘರ್ಷಣೆಯಿದ್ದರೆ ಆ ತಳ್ಳುವಿಕೆಯೇ ದೇಹವನ್ನು ಮುಂದಕ್ಕೆ ಒಯ್ಯುತ್ತದೆ. ಘರ್ಷಣೆ ಇಲ್ಲದಿದ್ದರೆ ಕಾಲು ಜಾರುತ್ತದೆ. ಹೆಜ್ಜೆ ಕಿರಿದಾದರೆ ಕಾಲು ನೆಟ್ಟಗೆ ನಿಲ್ಲುತ್ತದೆ, ಓರೆಯಾದ ಒತ್ತಡ ಕಡಿಮೆಯಾಗುತ್ತದೆ. ಆದುದರಿಂದಲೇ ಜಾರುವ ನೆಲದಲ್ಲಿ ಆಕಳು ವೇಗವನ್ನು ತಗ್ಗಿಸುತ್ತದೆ, ಹೆಜ್ಜೆಯನ್ನು ಗಿಡ್ಡ ಮಾಡುತ್ತದೆ, ಮೂರು ಕಾಲುಗಳನ್ನು ಹೆಚ್ಚು ಹೊತ್ತು ನೆಲದ ಮೇಲಿಡುತ್ತದೆ, ಹಿಂಗಾಲುಗಳನ್ನು ಅಗಲಿಸಿ ಊರುತ್ತದೆ. ಸ್ವೀಡನ್ ದೇಶದ ಸಂಶೋಧಕರು ೨೦೦೫ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾಲಿನ ಹಸುಗಳ ಹೆಜ್ಜೆಗುರುತುಗಳನ್ನು ಅಳೆದು ನೋಡಿದರು. ಸಂದುಗಳಿರುವ ಕಾಂಕ್ರೀಟ್ ನೆಲದ ಮೇಲೆ ಹಸುಗಳ ಹೆಜ್ಜೆ ಕಿರಿದಾಗಿತ್ತು. ರಬ್ಬರಿನ ಹಾಸಿನ ಮೇಲೆ ಉದ್ದವಾಗಿತ್ತು. ಹಸು ಅದೇ, ಬದಲಾದದ್ದು ನೆಲ ಮಾತ್ರ.

ಇದೆಲ್ಲವನ್ನೂ ಪ್ರಾಣಿಯು ಕೂತು ಯೋಚಿಸಿ ಮಾಡುವುದಿಲ್ಲ. ಹೆಜ್ಜೆಯ ಲಯವನ್ನು ಹುಟ್ಟಿಸುವ ಶಕ್ತಿಯು ಬೆನ್ನುಹುರಿಯಲ್ಲಿಯೇ ಇದೆಯೆಂಬುದನ್ನು ಬ್ರಿಟನ್ನಿನ ಗ್ರಹಾಂ ಬ್ರೌನ್ ಎಂಬ ವಿಜ್ಞಾನಿ ೧೯೧೧ರಲ್ಲಿ ಬೆಕ್ಕುಗಳಲ್ಲಿ ಕಂಡುಕೊಂಡನು. ಕಣ್ಣು, ಚರ್ಮ, ಸ್ನಾಯುಗಳಿಂದ ಬರುವ ಸುದ್ದಿಗೆ ತಕ್ಕಂತೆ ಆ ಲಯವು ತಿದ್ದಿಕೊಳ್ಳುತ್ತ ಹೋಗುತ್ತದೆ. ೨೦೦೬ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವು ಸೋಜಿಗದ್ದು. ಬೆಕ್ಕಿನ ಮುಂಗಾಲುಗಳು ಒಂದು ಅಡ್ಡಿಯನ್ನು ದಾಟಿದ ಮೇಲೆ ಅದನ್ನು ತಡೆದು ನಿಲ್ಲಿಸಿ, ಅಡ್ಡಿಯನ್ನು ಮೆಲ್ಲಗೆ ತೆಗೆದುಬಿಟ್ಟರು. ಹತ್ತು ನಿಮಿಷ ಕಳೆದರೂ ಹಿಂಗಾಲುಗಳು ಇಲ್ಲದ ಅಡ್ಡಿಯನ್ನು ದಾಟಲು ಮೇಲೇಳುತ್ತಿದ್ದವು! ಕಾಣದ ಹಿಂಗಾಲಿಗೆ ನೆನಪೇ ಕಣ್ಣು.

ಆಕಳಿಗೆ ಸುತ್ತಲಿನ ಬಹುಭಾಗ ಕಾಣುತ್ತದೆಯಾದರೂ ನೆಲದ ಆಳವನ್ನು ಅಳೆಯಲು ಅದು ತಲೆ ತಗ್ಗಿಸಿ ನೋಡಬೇಕು. ಗಟಾರದ ಜಾಲರಿ, ನೆರಳಿನ ಪಟ್ಟಿ, ಹೊಳೆಯುವ ಒದ್ದೆ ನೆಲ ಎದುರಾದಾಗ ಅದು ನಿಲ್ಲುವುದು ಈ ಕಾರಣಕ್ಕೆ. ಒಂದು ಕ್ಷಣ ತಲೆ ತಗ್ಗಿಸಲು ಬಿಟ್ಟರೆ ತಾನೇ ದಾಟುತ್ತದೆ. ಆಗಲೇ ಹಗ್ಗ ಜಗ್ಗಿದರೆ ತಲೆ ಮೇಲೇರಿ ನೆಲವೇ ಕಾಣದಂತಾಗುತ್ತದೆ.

ಮನೆಯವರ ಹೊಣೆ

ಹೊಂದಿಕೊಳ್ಳುವ ಶಕ್ತಿಗೂ ಒಂದು ಮಿತಿಯುಂಟು. ನುಣುಪಾದ ಸಿಮೆಂಟಿನ ಮೇಲೆ ಸಗಣಿ ಗಂಜಲ ಸೇರಿದರೆ ಯಾವ ಗೊರಸಿಗೂ ಹಿಡಿತ ಸಿಗುವುದಿಲ್ಲ. ಹಿಂಗಾಲುಗಳು ಎರಡು ಪಕ್ಕಕ್ಕೆ ಜಾರಿ ಬಿದ್ದ ಆಕಳು ತೊಡೆಯ ಸ್ನಾಯು ಹರಿದು ಮತ್ತೆ ಏಳದೇ ಹೋಗಬಹುದು. ಕರು ಹಾಕುವ ದಿನಗಳಲ್ಲಿ ಈ ಭಯ ಇನ್ನೂ ಹೆಚ್ಚು. ಸದಾ ಗಟ್ಟಿ ನೆಲದ ಮೇಲೆ ನಿಲ್ಲುವ ದನಗಳಲ್ಲಿ ಹಿಂಗಾಲಿನ ಹೊರಹೋಳಿನ ಮೇಲೆ ಭಾರ ಹೆಚ್ಚಾಗಿ ಅಲ್ಲಿಯೇ ಹುಣ್ಣು ಕಾಣಿಸಿಕೊಳ್ಳುತ್ತದೆ. ಜಾರುವ ಭಯದಿಂದ ಬೆದೆಯ ಲಕ್ಷಣಗಳೂ ಸರಿಯಾಗಿ ಹೊರಬೀಳುವುದಿಲ್ಲ. ಮನೆಯವರಿಗೆ ತಿಳಿಯದೆ ಸಮಯ ಮೀರಿ, ಗಬ್ಬ ನಿಲ್ಲುವುದು ತಡವಾಗುತ್ತದೆ. ಒಂದೇ ಆಕಳಿನ ಹಾಲಿನಿಂದ ಮಕ್ಕಳ ಶಾಲೆಯ ಖರ್ಚು ನಡೆಸುವ ಮನೆಗೆ ಇದು ಸಣ್ಣ ನಷ್ಟವಲ್ಲ.

ಇದಕ್ಕೆ ದೊಡ್ಡ ಖರ್ಚಿನ ಉಪಾಯವೇನೂ ಬೇಡ. ಹೊಸದಾಗಿ ನೆಲ ಹಾಕಿಸುವಾಗ ಗೌಂಡಿಯು ಕರಣೆಯಿಂದ ಕನ್ನಡಿಯಂತೆ ನುಣುಪು ಮಾಡದಂತೆ ಹೇಳಬೇಕು. ಹಸಿಯಿರುವಾಗಲೇ ಗಟ್ಟಿ ಪೊರಕೆ ಎಳೆದು ಒರಟು ಮಾಡಿಸಬೇಕು. ಸುಮಾರು ೧೦ ಮಿಲಿಮೀಟರ್ ಅಗಲ, ಅಷ್ಟೇ ಆಳದ ಗೀರುಗಳನ್ನು ಹತ್ತಿರ ಹತ್ತಿರ ಹಾಕಿಸುವುದು ಉತ್ತಮ. ಗಂಜಲ ಹರಿದುಹೋಗಲು ೪೦ ಅಡಿಗೆ ೧ ಅಡಿಯಷ್ಟು ಇಳಿಜಾರು ಸಾಕು. ಈಗಾಗಲೇ ನುಣುಪಾಗಿರುವ ನೆಲಕ್ಕೆ ಗೀರು ಕೊರೆಯಿಸಬಹುದು, ರಬ್ಬರಿನ ಹಾಸು ಹಾಕಬಹುದು. ಅದೂ ಆಗದಿದ್ದರೆ ಒಣ ಹುಲ್ಲು, ಕಬ್ಬಿನ ರವದಿ, ಮರಳು ಇವುಗಳಲ್ಲಿ ದೊರೆತದ್ದನ್ನು ಹರಡಬೇಕು. ದಿನಕ್ಕೆ ಕೆಲವು ತಾಸು ದನವನ್ನು ಮಣ್ಣಿನ ಅಂಗಳದಲ್ಲಿ ಬಿಡಬೇಕು. ದಿನ ತುಂಬಿದ ಆಕಳನ್ನು ಮಣ್ಣಿನ ನೆಲಕ್ಕೇ ಕಟ್ಟಬೇಕು. ಗೊರಸು ತಿಂಗಳಿಗೆ ಸುಮಾರು ೫ ಮಿಲಿಮೀಟರ್ ಬೆಳೆಯುವುದರಿಂದ, ನಡೆದಾಡದೆ ಕಟ್ಟಿದಲ್ಲೇ ಇರುವ ದನದ ಗೊರಸನ್ನು ಬಲ್ಲವರಿಂದ ಕತ್ತರಿಸಿ ಸರಿಪಡಿಸಬೇಕು.

ಬೆಳಗಿನ ಹಾಲು ಕರೆದ ಮೇಲೆ ಆಕಳು ಹೊರಗೆ ಹೋಗುವುದನ್ನು ಒಂದೆರಡು ನಿಮಿಷ ನೋಡಿದರೆ ಸಾಕು, ಬಹಳಷ್ಟು ತಿಳಿಯುತ್ತದೆ. ಕೊಟ್ಟಿಗೆಯಲ್ಲಿ ಗಿಡ್ಡ ಹೆಜ್ಜೆ ಹಾಕಿ ಮಣ್ಣಿಗೆ ಇಳಿದೊಡನೆ ಉದ್ದ ಹೆಜ್ಜೆ ಹಾಕಿದರೆ ದೋಷ ನೆಲದಲ್ಲಿದೆ. ಮಣ್ಣಿನ ಮೇಲೆಯೂ ಬೆನ್ನು ಬಾಗಿಸಿ, ತಲೆ ಕುಣಿಸುತ್ತ ನಡೆದರೆ ನೋವು ಕಾಲಿನಲ್ಲಿದೆ. ಪಶುವೈದ್ಯರನ್ನು ಕರೆಯಲು ತಡಮಾಡಬಾರದು. ಬಾಯಿಲ್ಲದ ಪ್ರಾಣಿಯು ತನ್ನ ಕಷ್ಟವನ್ನು ಹೆಜ್ಜೆಯಿಂದಲೇ ಹೇಳುತ್ತದೆ. ಅದನ್ನು ಕೇಳಿಸಿಕೊಂಡು ನೆಲವನ್ನು ತಿದ್ದುವುದು, ಅದರ ಹಾಲು ಕುಡಿದು, ಅದರ ದುಡಿಮೆಯುಂಡು ಬಾಳುವ ನಮ್ಮ ಕರ್ತವ್ಯವಾಗಿದೆ.