ತಣ್ಣನೆಯ ಪ್ಲಾಸ್ಮಾದಲ್ಲಿ ಹುಟ್ಟುವ ಕಿಡಿ

ಕರೆಂಟ್ ಇದೆಯೋ ಇಲ್ಲವೋ ಎಂದು ನೋಡುವ ಟೆಸ್ಟರಿನ ಹಿಡಿಯೊಳಗಿರುವ ಪುಟ್ಟ ನಿಯಾನ್ ದೀಪ, ತಗ್ಗಿದ ತಾಪದ ಪ್ಲಾಸ್ಮಾಕ್ಕೆ ಎಲ್ಲರ ಕೈಗೂ ಸಿಗುವ ಉದಾಹರಣೆ. ಅದರಲ್ಲಿ ಕಾಣುವ ಕಿತ್ತಳೆ ಬಣ್ಣದ ಹೊಳಪು, ಕೆಲವು ಪರಮಾಣುಗಳು ಇಲೆಕ್ಟ್ರಾನುಗಳನ್ನು ಕಳೆದುಕೊಂಡಿರುವ ಅನಿಲದ ಬೆಳಕು. ಇಂಥ ಅನಿಲಕ್ಕೆ ಅಮೆರಿಕದ ವಿಜ್ಞಾನಿ ಅರ್ವಿಂಗ್ ಲ್ಯಾಂಗ್‌ಮ್ಯೂರ್ 1928ರಲ್ಲಿ ಪ್ಲಾಸ್ಮಾ ಎಂದು ಹೆಸರಿಟ್ಟರು. ಇದರೊಳಗಿನ ಇಲೆಕ್ಟ್ರಾನುಗಳ ತಾಪ ಹತ್ತು ಸಾವಿರ ಡಿಗ್ರಿಗೂ ಮೇಲೆ. ಆದರೆ ಅವು ತೀರ ಹಗುರ, ಅನಿಲದ ಪರಮಾಣುಗಳು ಅವಕ್ಕಿಂತ ಸಾವಿರಾರು ಪಟ್ಟು ಭಾರ. ಢಿಕ್ಕಿ ಹೊಡೆದರೂ ಇಲೆಕ್ಟ್ರಾನು ತನ್ನ ಬಿಸಿಯನ್ನು ಪರಮಾಣುವಿಗೆ ದಾಟಿಸಲಾರದು. ಹಾಗಾಗಿ ದೀಪದ ಗಾಜು ಬೆರಳಿಗೆ ತಣ್ಣಗೇ ಇರುತ್ತದೆ.

ಟೆಸ್ಟರಿನಲ್ಲಿ ದೀಪದ ಬೆನ್ನಿಗೇ ಒಂದು ದೊಡ್ಡ ಮೌಲ್ಯದ ರೆಸಿಸ್ಟರ್ ಇರುತ್ತದೆ. ಅದು ಬಳಸುವವರ ಜೀವ ಕಾಯುತ್ತದೆಂದು ಎಲ್ಲರಿಗೂ ಗೊತ್ತು. ದೀಪವನ್ನೂ ಅದೇ ಕಾಯುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಕರೆಂಟಿಗೆ ಕಡಿವಾಣವಿಲ್ಲದಿದ್ದರೆ ಆ ಮೆತ್ತನೆಯ ಹೊಳಪು ಕ್ಷಣಾರ್ಧದಲ್ಲಿ ಕಣ್ಣು ಕುಕ್ಕುವ ಕಿಡಿಯಾಗಿ, ದೀಪ ಸುಟ್ಟುಹೋಗುತ್ತದೆ. ಈ ಕಿಡಿಯೇ ಆರ್ಕ್. ವೆಲ್ಡಿಂಗ್ ಅಂಗಡಿಯಲ್ಲಿ ಕಾಣುವುದೂ ಇದೇ ಕುಲದ್ದು.

ಹೊಳಪಿಗೂ ಆರ್ಕಿಗೂ ಇರುವ ವ್ಯತ್ಯಾಸವೆಲ್ಲ ಋಣಧ್ರುವದಲ್ಲಿದೆ. ಹೊಳಪಿನ ಸ್ಥಿತಿಯಲ್ಲಿ ಪ್ಲಾಸ್ಮಾದ ಧನ ಅಯಾನುಗಳು ಋಣಧ್ರುವದ ಇಡೀ ಮೈಗೆ ಮಳೆಯಂತೆ ಬಡಿಯುತ್ತವೆ. ಹತ್ತಾರು ಅಯಾನುಗಳು ಬಡಿದಾಗ ಒಂದೋ ಎರಡೋ ಇಲೆಕ್ಟ್ರಾನು ಹೊರಬೀಳುತ್ತದೆ. ಇಷ್ಟು ಕಡಿಮೆ ಫಸಲಿನಲ್ಲಿ ಪ್ಲಾಸ್ಮಾ ಬದುಕಬೇಕಾದರೆ ಅಯಾನುಗಳನ್ನು ಜೋರಾಗಿ ಎಳೆಯಬೇಕು. ಅದಕ್ಕೇ ನೂರಾರು ವೋಲ್ಟ್ ಬೇಕು. ಆದರೆ ಮೇಲ್ಮೈಯ ಒಂದು ಬಿಂದು ಹೇಗೋ ವಿಪರೀತ ಕಾದರೆ, ಅಥವಾ ಅಲ್ಲಿ ವಿದ್ಯುತ್ ಕ್ಷೇತ್ರ ವಿಪರೀತ ಏರಿದರೆ, ಲೋಹ ತಾನಾಗಿಯೇ ಇಲೆಕ್ಟ್ರಾನುಗಳನ್ನು ಉಗುಳತೊಡಗುತ್ತದೆ. ಆ ಬಿಂದುವಿನ ದಾರಿ ಸಲೀಸಾದ್ದರಿಂದ ಸುತ್ತಲ ಕರೆಂಟೆಲ್ಲ ಅಲ್ಲಿಗೇ ಹರಿಯುತ್ತದೆ. ಹರಿದಷ್ಟೂ ಬಿಸಿ, ಬಿಸಿಯಾದಷ್ಟೂ ಹರಿವು. ಲೋಹ ಕರಗಿ ಆವಿಯಾಗಿ, ಆ ಆವಿಯೇ ಹೊಸ ಪ್ಲಾಸ್ಮಾ ಆಗುತ್ತದೆ. ಐನೂರು ವೋಲ್ಟ್ ಇದ್ದದ್ದು ಮೂವತ್ತರ ಆಸುಪಾಸಿಗೆ ಕುಸಿಯುತ್ತದೆ. ಅಂಗೈಯಗಲ ಹರಡಿದ್ದ ಕರೆಂಟು ಕೂದಲೆಳೆಗಿಂತ ಸಣ್ಣ ಚುಕ್ಕೆಯಲ್ಲಿ ಕೂಡಿಕೊಳ್ಳುತ್ತದೆ.

ಆರ್ಕ್ ಎಂದರೆ ಹೊರಗಿನಿಂದ ಬಂದ ಅವಘಡ ಎಂದು ಭಾವಿಸುವುದು ಸರಿಯಲ್ಲ. ಕರೆಂಟನ್ನು ಅದರ ಪಾಡಿಗೆ ಬಿಟ್ಟರೆ ಹೊಳಪು ಹೋಗಿ ಮುಟ್ಟುವ ಸಹಜ ನೆಲೆಯೇ ಆರ್ಕ್. ಅದನ್ನು ಅಲ್ಲಿಗೆ ಹೋಗದಂತೆ ತಡೆದು ನಿಲ್ಲಿಸುವುದೇ ತಣ್ಣನೆಯ ಪ್ಲಾಸ್ಮಾ ಯಂತ್ರಗಳ ಎಂಜಿನಿಯರಿಂಗಿನಲ್ಲಿ ಒಂದು ಮುಖ್ಯ ಕೆಲಸ.

ಇದರ ಕಷ್ಟ ಚೆನ್ನಾಗಿ ಕಾಣುವುದು ಸ್ಪಟರಿಂಗ್ ಎಂಬ ಲೇಪನ ವಿಧಾನದಲ್ಲಿ. ಕಟ್ಟಡಗಳ ಬಿಸಿಲು ತಡೆಯುವ ಗಾಜು, ಕನ್ನಡಕದ ಪ್ರತಿಫಲನ ತಗ್ಗಿಸುವ ಪದರ, ಮೊಬೈಲ್ ಚಿಪ್ಪಿನ ಲೋಹದ ಗೆರೆಗಳು, ಇವೆಲ್ಲಕ್ಕೂ ಈ ವಿಧಾನ ಬಳಕೆಯಲ್ಲಿದೆ. ನಿರ್ವಾತ ಮಾಡಿದ ಉಕ್ಕಿನ ಕೋಣೆಯೊಳಗೆ ವಾತಾವರಣದ ಎರಡು ಲಕ್ಷದಲ್ಲೊಂದು ಪಾಲಿನಷ್ಟು ಒತ್ತಡದಲ್ಲಿ ಆರ್ಗಾನ್ ಬಿಡುತ್ತಾರೆ. ಲೇಪವಾಗಬೇಕಾದ ಲೋಹದ ಫಲಕವೇ ಋಣಧ್ರುವ. ಅದಕ್ಕೆ ಟಾರ್ಗೆಟ್ ಎನ್ನುತ್ತಾರೆ. ಆರ್ಗಾನ್ ಅಯಾನುಗಳು ಟಾರ್ಗೆಟಿಗೆ ಬಡಿದು ಪರಮಾಣುಗಳನ್ನು ಕಿತ್ತು ಎಸೆಯುತ್ತವೆ. ಅವು ಎದುರಿನ ಗಾಜಿನ ಮೇಲೆ ಕೂತು ತೆಳುವಾದ ಪದರವಾಗುತ್ತವೆ.

ಬರೀ ಅಲ್ಯೂಮಿನಿಯಂ ಲೇಪಕ್ಕೆ ಆರ್ಕಿನಿಂದ ಹೆಚ್ಚು ತೊಂದರೆಯಿಲ್ಲ. ಅಲ್ಯೂಮಿನಿಯಂ ಆಕ್ಸೈಡ್ ಬೇಕೆಂದು ಆರ್ಗಾನ್ ಜೊತೆ ಆಮ್ಲಜನಕ ಬೆರೆಸಿದಾಗ ತಾಪತ್ರಯ ಶುರು. ಆಕ್ಸೈಡ್ ಗಾಜಿನ ಮೇಲಷ್ಟೇ ಅಲ್ಲ, ಟಾರ್ಗೆಟಿನ ಮೇಲೂ, ಅದರಲ್ಲೂ ಅಯಾನುಗಳ ಹೊಡೆತ ಕಡಿಮೆಯಿರುವ ಅಂಚುಗಳಲ್ಲಿ, ಕಟ್ಟಿಕೊಳ್ಳುತ್ತದೆ. ಅದು ವಿದ್ಯುತ್ ನಿರೋಧಕ. ಮೇಲೆ ಬಿದ್ದ ಅಯಾನುಗಳ ಧನ ಆವೇಶ ಕೆಳಗಿನ ಲೋಹಕ್ಕೆ ಇಳಿಯದೆ ಅಲ್ಲೇ ಶೇಖರವಾಗುತ್ತದೆ. ಪದರದ ಎರಡು ಮೈಗಳ ನಡುವೆ ವೋಲ್ಟೇಜ್ ಏರುತ್ತ ಹೋಗಿ ಕೊನೆಗೆ ಪದರ ಒಡೆದು ತೂತಾಗುತ್ತದೆ. ಆ ತೂತೇ ಆರ್ಕಿನ ಹುಟ್ಟಿದ ಮನೆ. ಸಾಮಾನ್ಯ ಸ್ಪಟರಿಂಗಿನ ಕರೆಂಟಿನಲ್ಲಿ ಲೆಕ್ಕ ಹಾಕಿದರೆ ಹೊಡೆತಕ್ಕೆ ನೇರ ಸಿಕ್ಕ ಪದರ ಒಡೆಯಲು ಒಂದು ಮಿಲಿಸೆಕೆಂಡು ಕೂಡ ಬೇಡ. ಪದರ ದಪ್ಪವಾದರೆ ತಡೆದೀತು ಎಂಬ ಆಸೆಯೂ ಫಲಿಸುವುದಿಲ್ಲ. ದಪ್ಪ ಹೆಚ್ಚಿದಷ್ಟೂ ಅದೇ ಆವೇಶಕ್ಕೆ ವೋಲ್ಟೇಜ್ ಹೆಚ್ಚು ಬೆಳೆಯುವುದರಿಂದ, ಒಡೆಯುವ ಹೊತ್ತು ಹೆಚ್ಚುಕಮ್ಮಿ ಅಷ್ಟೇ ಉಳಿಯುತ್ತದೆ.

ಧೂಳು, ಚೂಪಾದ ಅಂಚು, ಗೋಡೆಯಿಂದ ಕಳಚಿ ಬಿದ್ದ ಹಳೆಯ ಲೇಪದ ಚಕ್ಕೆ ಕೂಡ ಆರ್ಕಿಗೆ ನೆಪ. ಚಕ್ಕೆಯ ವಿಷಯ ಕುತೂಹಲದ್ದು. ಟಾರ್ಗೆಟಿನ ಸುತ್ತ ಒಂದೆರಡು ಮಿಲಿಮೀಟರ್ ಅಂತರದಲ್ಲೇ ನೆಲಕ್ಕೆ ಜೋಡಿಸಿದ ಲೋಹದ ಕವಚವಿರುತ್ತದೆ. ಇಷ್ಟು ಹತ್ತಿರ ಇಟ್ಟರೆ ಕಿಡಿ ಹಾರದೇ ಎಂದು ಯಾರಿಗಾದರೂ ಅನಿಸುತ್ತದೆ. ಹಾರುವುದಿಲ್ಲ. ಜರ್ಮನಿಯ ಫ್ರೀಡ್ರಿಚ್ ಪಾಶೆನ್ 1889ರಲ್ಲಿ ತೋರಿಸಿದ ಹಾಗೆ, ಅನಿಲ ಒಡೆಯುವ ವೋಲ್ಟೇಜ್ ಒತ್ತಡ ಮತ್ತು ಅಂತರಗಳ ಗುಣಲಬ್ಧವನ್ನು ಅವಲಂಬಿಸುತ್ತದೆ. ಗಾಳಿಯಲ್ಲಿ ಅದು ಸುಮಾರು 330 ವೋಲ್ಟಿಗಿಂತ ಕೆಳಗಿಳಿಯುವುದಿಲ್ಲ. ಆ ಕನಿಷ್ಠವನ್ನು ದಾಟಿ ಅಂತರವನ್ನು ಇನ್ನೂ ಕಿರಿದು ಮಾಡಿದರೆ ವೋಲ್ಟೇಜ್ ಮತ್ತೆ ಏರುತ್ತದೆ. ದಾರಿ ಮೊಟಕಾಗಿ, ಇಲೆಕ್ಟ್ರಾನಿಗೆ ಢಿಕ್ಕಿ ಹೊಡೆಯಲು ಪರಮಾಣುವೇ ಸಿಗುವುದಿಲ್ಲ. ಸ್ಪಟರಿಂಗಿನ ಒತ್ತಡದಲ್ಲಿ ಕನಿಷ್ಠ ವೋಲ್ಟೇಜಿನ ಅಂತರ ಒಂದು ಮೀಟರಿಗೂ ಹೆಚ್ಚು. ಹಾಗಾಗಿ ಕಿರಿದಾದ ಸಂದೇ ಸುರಕ್ಷಿತ. ಆದರೆ ಆ ಸಂದಿನಲ್ಲಿ ಒಂದು ಲೋಹದ ಚಕ್ಕೆ ಸೇತುವೆಯಂತೆ ಕೂತರೆ ಈ ರಕ್ಷಣೆಯೆಲ್ಲ ವ್ಯರ್ಥ.

ಆರ್ಕ್ ಎದ್ದಾಗ ಕೋಣೆಯ ಗಾಜಿನ ಕಿಂಡಿಯಲ್ಲಿ ನೋಡಿದರೆ, ನೇರಳೆ ಹೊಳಪಿನ ನಡುವೆ ಬಿಳಿಯ ಚುಕ್ಕೆಯೊಂದು ಟಾರ್ಗೆಟಿನ ಮೇಲೆ ಚಕಚಕನೆ ಓಡಿ ಮಾಯವಾಗುತ್ತದೆ. ಅದು ಓಡಿದ ಜಾಡು ಆಮೇಲೆ ಟಾರ್ಗೆಟಿನ ಮೇಲೆ ಬೇರು ಕವಲೊಡೆದಂಥ ಗೀರುಗಳಾಗಿ ಉಳಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಆ ಗೀರು ಸಾಲಾಗಿ ಕರಗಿ ಗಟ್ಟಿಯಾದ ಕುಳಿಗಳು. ಪ್ರತಿ ಕುಳಿಯಿಂದ ಕರಗಿದ ಲೋಹದ ಹನಿಗಳು ಸಿಡಿದಿರುತ್ತವೆ.

ಹನಿಗಳೇ ನಿಜವಾದ ನಷ್ಟ. ಹಳೆಯ ಕಾಲದ ಪವರ್ ಸಪ್ಲೈ ಒಂದರ ಕೊನೆಯಲ್ಲಿ ಒಂದು ಮೈಕ್ರೋಫ್ಯಾರಡ್ ಕೆಪಾಸಿಟರ್ 600 ವೋಲ್ಟಿನಲ್ಲಿದೆ ಎನ್ನೋಣ. ಅದರಲ್ಲಿ ಕೂಡಿಟ್ಟ ಶಕ್ತಿ 0.18 ಜೂಲ್. ಲೆಕ್ಕಕ್ಕೆ ತೀರ ಪುಡಿ ಎನಿಸುತ್ತದೆ. ಆದರೆ ಅದೆಲ್ಲ ಕರಗಿಸಲಿಕ್ಕೇ ಹೋದರೆ ಅರ್ಧ ಮಿಲಿಮೀಟರ್ ಅಡ್ಡಳತೆಯ, ಗಸಗಸೆ ಕಾಳಿಗಿಂತ ಚಿಕ್ಕದಾದ ಅಲ್ಯೂಮಿನಿಯಂ ಗುಂಡನ್ನು ಕರಗಿಸೀತು. ಅಷ್ಟೇ ಲೋಹವನ್ನು ನೂರು ನ್ಯಾನೋಮೀಟರ್ ದಪ್ಪದ ಲೇಪವಾಗಿ ಹರಡಿದರೆ ಆರು ಚದರ ಸೆಂಟಿಮೀಟರಿಗೂ ಹೆಚ್ಚು ಜಾಗ ಮುಚ್ಚುತ್ತದೆ. ಶಕ್ತಿಯ ಒಂದು ಪಾಲು ಮಾತ್ರ ಈ ಕೆಲಸಕ್ಕೆ ಹೋಗುತ್ತದೆ, ನಿಜ. ಆದರೂ ಅಂಥ ತೆಳು ಪದರದ ಮೇಲೆ ಒಂದೆರಡು ಮೈಕ್ರೋಮೀಟರಿನ ಹನಿ ಬಿದ್ದರೂ ಅದು ಅಂಗಳದಲ್ಲಿ ಬಿದ್ದ ಬಂಡೆಯೇ. ಕನ್ನಡಕದಲ್ಲಿ ಚುಕ್ಕೆ ಕಾಣುತ್ತದೆ, ಚಿಪ್ಪಿನಲ್ಲಿ ಎರಡು ಗೆರೆಗಳು ಸೇರಿ ಚಿಪ್ಪೇ ಕೆಡುತ್ತದೆ.

ಹೀಗಾಗಿ ಈಗಿನ ಪವರ್ ಸಪ್ಲೈಗಳು ತಮ್ಮಲ್ಲಿ ಆದಷ್ಟು ಕಡಿಮೆ ಶಕ್ತಿ ಕೂಡಿಟ್ಟುಕೊಳ್ಳುತ್ತವೆ. ವೋಲ್ಟೇಜ್ ಹಠಾತ್ತಾಗಿ ಕುಸಿದು ಕರೆಂಟ್ ಏರಿದ್ದನ್ನು ಗಮನಿಸಿ ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಕೈ ಬಿಡುತ್ತವೆ, ಚುಕ್ಕೆ ಆರುವ ತನಕ ಕಾದು ಮತ್ತೆ ಶುರು ಮಾಡುತ್ತವೆ. ಬೇಗ ಶುರು ಮಾಡಿದರೆ ಇನ್ನೂ ಬಿಸಿಯಿರುವ ಅದೇ ಚುಕ್ಕೆ ಮತ್ತೆ ಹೊತ್ತಿಕೊಳ್ಳುತ್ತದೆ.

ಇದಕ್ಕಿಂತ ಜಾಣ ಉಪಾಯ, ಆವೇಶ ಶೇಖರವಾಗುವ ಮೊದಲೇ ಅದನ್ನು ಕಳೆಯುವುದು. ಸೆಕೆಂಡಿಗೆ ಹತ್ತಾರು ಸಾವಿರ ಸಲ ಟಾರ್ಗೆಟನ್ನು ಒಂದು ಗಳಿಗೆ ಧನಧ್ರುವ ಮಾಡಿದರೆ ಪ್ಲಾಸ್ಮಾದ ಇಲೆಕ್ಟ್ರಾನುಗಳು ಓಡಿಬಂದು ಆಕ್ಸೈಡಿನ ಮೇಲಿನ ಆವೇಶವನ್ನು ತೊಡೆದುಹಾಕುತ್ತವೆ. ದೊಡ್ಡ ಗಾಜಿನ ಕಾರ್ಖಾನೆಗಳಲ್ಲಿ ಜೋಡಿ ಟಾರ್ಗೆಟ್‌ಗಳು ಸರದಿಯ ಮೇಲೆ ಋಣ-ಧನ ಆಗುತ್ತ ಇದೇ ಕೆಲಸ ಮಾಡುತ್ತವೆ. ಟಾರ್ಗೆಟೇ ನಿರೋಧಕವಾಗಿದ್ದರೆ 13.56 ಮೆಗಾಹರ್ಟ್ಸ್ ರೇಡಿಯೋ ಆವರ್ತನ ಬಳಸುತ್ತಾರೆ. ನಿರ್ವಾತವಿಲ್ಲದ ಕಡೆ, ಎರಡು ಧ್ರುವಗಳ ನಡುವೆ ಗಾಜಿನ ತಡೆ ಇಟ್ಟು ಆರ್ಕ್ ಬೆಳೆಯದಂತೆ ಮಾಡುತ್ತಾರೆ. ವರ್ನರ್ ಫಾನ್ ಸೀಮೆನ್ಸ್ 1857ರಲ್ಲಿ ಓಜೋನ್ ತಯಾರಿಸಲು ಮಾಡಿದ ಸಾಧನ ಇದೇ ತತ್ವದ್ದು. ನೀರು ಶುದ್ಧಿಗೆ ಓಜೋನ್ ಮಾಡುವ ಯಂತ್ರಗಳು ಇಂದಿಗೂ ಅದರ ವಂಶವೇ.

ಆರ್ಕ್ ಎಲ್ಲೆಡೆಯೂ ಶತ್ರುವಲ್ಲ. ಡ್ರಿಲ್ ಬಿಟ್‌ಗಳ ಮೇಲಿನ ಹೊಂಬಣ್ಣದ ಟೈಟಾನಿಯಂ ನೈಟ್ರೈಡ್ ಲೇಪವನ್ನು ಎಷ್ಟೋ ಕಡೆ ಬೇಕೆಂದೇ ಆರ್ಕ್ ಹೊತ್ತಿಸಿ ಮಾಡುತ್ತಾರೆ. ಅಲ್ಲಿ ಹನಿಗಳ ಒರಟುತನ ಸಹ್ಯ. ನುಣುಪು ಬೇಕಾದಲ್ಲಿ ಮಾತ್ರ ಯಾವ ಪವರ್ ಸಪ್ಲೈಯೂ ಸಾಕಾಗುವುದಿಲ್ಲ, ಕೋಣೆಯ ಚೊಕ್ಕಟವೂ ಬೇಕು. ಹೊಸ ಟಾರ್ಗೆಟ್ ಕೂರಿಸಿದಾಗ ಅದರ ಮೇಲ್ಮೈಯ ಆಕ್ಸೈಡ್ ಮತ್ತು ಕೊಳೆಯಿಂದ ಕಿಡಿಗಳು ಒಂದರ ಹಿಂದೊಂದು ಏಳುತ್ತವೆ. ಆಗ ಗಾಜಿಗೆ ಅಡ್ಡಲಾಗಿ ಶಟರ್ ಮುಚ್ಚಿ, ಪವರ್ ಅನ್ನು ನಿಧಾನಕ್ಕೆ ಏರಿಸುತ್ತ, ಆರ್ಕಿನ ಎಣಿಕೆ ಇಳಿಯುವ ತನಕ ಕಾಯುತ್ತಾರೆ. ಶಟರ್ ತೆರೆಯುವುದು ಆಮೇಲೆಯೇ.